ಮನೆಯ ವಿದ್ಯುತ್ ವೈರುಗಳ ಶುಚಿತ್ವ ಮತ್ತು ಪಾಲನೆ

ಮುಂಗಾರು ಬಿತ್ತನೆಗೆ ಮೊದಲು ರೈತನು ಕೂರಿಗೆಯ ತಾಳು, ಕುಂಟೆಯ ಕುಡ, ನೊಗದ ಮಿಣಿ ಎಲ್ಲವನ್ನೂ ಒಮ್ಮೆ ಕೈಯಾಡಿಸಿ ನೋಡುತ್ತಾನೆ. ಹಗ್ಗದ ಒಂದು ಎಳೆ ಹರಿದಿದ್ದರೂ ಅದನ್ನು ಮತ್ತೆ ಹೊಸೆಯುತ್ತಾನೆ, ಇಲ್ಲವೇ ಹೊಸದನ್ನು ತರುತ್ತಾನೆ. ಎತ್ತಿನ ಹಗ್ಗ ಹರಿದರೆ ಹೆಚ್ಚೆಂದರೆ ಒಂದು ಸಾಲು ಡೊಂಕಾದೀತು. ಆದರೆ ಅದೇ ರೈತನ ಮನೆಯೊಳಗೆ ಇಸ್ತ್ರಿ ಪೆಟ್ಟಿಗೆಯ ವೈರು, ಮಿಕ್ಸರಿನ ವೈರು, ನೀರು ಕಾಯಿಸುವ ಕಾಯಿಲಿನ ವೈರುಗಳು ವರ್ಷಗಟ್ಟಲೆ ಯಾರ ತಪಾಸಣೆಯೂ ಇಲ್ಲದೆ ಕೆಲಸ ಮಾಡುತ್ತಿರುತ್ತವೆ. ಅವುಗಳ ಒಂದು ಎಳೆ ಹರಿದರೆ ಹೋಗುವುದು ಮನೆಯವರ ಪ್ರಾಣ.

ವೈರೂ ಒಂದು ಕೃಷಿ ಸಾಮಾನಿನಂತೆಯೇ. ಅದು ಸವೆಯುತ್ತದೆ, ಕೊಳೆಯಾಗುತ್ತದೆ, ಅದಕ್ಕೂ ಪಾಲನೆ ಬೇಕು. ಈ ಪಾಲನೆಗೆ ಹೆಚ್ಚಿನ ಖರ್ಚಿಲ್ಲ. ತಿಂಗಳಿಗೊಮ್ಮೆ ಅರ್ಧ ತಾಸು ಸಮಯ ಮತ್ತು ಒಂದು ಒಣ ಅರಿವೆ ಸಾಕು. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಮನೆಗಳನ್ನು ಗಮನದಲ್ಲಿಟ್ಟುಕೊಂಡು ಅದರ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ನಮ್ಮ ಭಾಗದಲ್ಲಿ ವೈರು ಬೇಗ ಕೆಡುವುದೇಕೆ?

ಗಂಗಾವತಿ ಸುತ್ತಿನದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಸುಗ್ಗಿಯ ನಂತರ ಮನೆಯ ಪಡಸಾಲೆಯಲ್ಲೇ ಭತ್ತದ ಚೀಲಗಳನ್ನು ಒಟ್ಟುವುದುಂಟು. ಚೀಲಗಳ ಹಿಂದೆಯೇ ಇಲಿಗಳು ಬರುತ್ತವೆ. ಇಲಿಯ ಮುಂಬಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಅದನ್ನು ಸವೆಸಲು ಇಲಿ ಏನನ್ನಾದರೂ ಕಡಿಯುತ್ತಲೇ ಇರಬೇಕು. ವೈರಿನ ಮೆತ್ತನೆಯ ಹೊದಿಕೆ ಅದಕ್ಕೆ ಸುಲಭವಾಗಿ ಸಿಗುತ್ತದೆ.

ಕುಷ್ಟಗಿ ಮತ್ತು ಯಲಬುರ್ಗಾ ಕಡೆ ತೊಂದರೆ ಬೇರೆ ಬಗೆಯದು. ಅಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮೀರುವುದುಂಟು. ಕಿಟಕಿಯ ಪಕ್ಕ ಬಿಸಿಲಿಗೆ ಬಿದ್ದ ವೈರಿನ ಹೊದಿಕೆ ಬಿರುಸಾಗಿ ಸೀಳು ಬಿಡುತ್ತದೆ. ಎರೆಭೂಮಿಯ ನುಣುಪಾದ ಧೂಳು ಗಾಳಿಯೊಡನೆ ಬಂದು ಸಾಕೆಟ್ಟಿನ ತೂತುಗಳಲ್ಲಿ ಕೂಡುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ಜಂತಿ ತೊಲೆಗಳ ಮೇಲೆ ಹಾಯ್ದ ವೈರಿಗೆ ಮಳೆಗಾಲದಲ್ಲಿ ಮಣ್ಣು ನೀರು ತೊಟ್ಟಿಕ್ಕುತ್ತದೆ. ಒಣ ಧೂಳು ಅಷ್ಟಾಗಿ ಅಪಾಯಕಾರಿಯಲ್ಲ. ತೇವ ತಗುಲಿದ ಧೂಳು ಮಾತ್ರ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ.

ಅಡಿಗೆ ಮನೆಯಲ್ಲಿ ಒಲೆಯ ಹೊಗೆ, ಒಗ್ಗರಣೆಯ ಎಣ್ಣೆ, ಜೋಳದ ಹಿಟ್ಟು ಈ ಮೂರೂ ಸೇರಿ ಮಿಕ್ಸರಿನ ವೈರಿನ ಮೇಲೆ ಅಂಟಾದ ಪದರ ಕಟ್ಟುತ್ತದೆ. ಈ ಪದರ ಜಿರಲೆ, ಇರುವೆ, ಇಲಿಗಳನ್ನು ಕರೆಯುತ್ತದೆ. ಅಲ್ಲದೆ ಅದರ ಕೆಳಗಿನ ಸೀಳುಗಳು ಕಣ್ಣಿಗೆ ಕಾಣದಂತೆ ಮುಚ್ಚಿಹೋಗುತ್ತವೆ. ವೈರನ್ನು ಶುಚಿಗೊಳಿಸುವ ಮುಖ್ಯ ಉದ್ದೇಶವೇ ಇದು: ಅಂದಕ್ಕಾಗಿ ಅಲ್ಲ, ದೋಷ ಕಾಣಲಿ ಎಂದು.

ಇನ್ನೊಂದು ಕಾರಣ ಹೊರೆ. ಬಡವರ ಮನೆಗೆ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆ ರಾಜ್ಯದಲ್ಲಿ 1979-80ರ ಸುಮಾರಿಗೆ ಆರಂಭವಾಯಿತು. ಅಂದು ಒಂದು ಬಲ್ಬಿಗೆಂದು ಎಳೆದ ವೈರಿನ ಮೇಲೆಯೇ ಇಂದು ಕೆಲವು ಮನೆಗಳಲ್ಲಿ ಫ್ಯಾನು, ಟಿ.ವಿ., ಮಿಕ್ಸರು, ಇಸ್ತ್ರಿ ಪೆಟ್ಟಿಗೆ ಎಲ್ಲವೂ ನಡೆಯುತ್ತಿವೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಿಲ್ಲಿನ ಚಿಂತೆ ಕಡಿಮೆಯಾಯಿತು. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ವೈರಿನ ಮೇಲಿನ ಹೊರೆ ಸೊನ್ನೆಯಾಗುವುದಿಲ್ಲ ಎಂಬುದನ್ನು ಮರೆಯಬಾರದು.

ವೈರಿನ ಒಳರಚನೆ

ಉಪಕರಣದ ವೈರನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಮೂರು ಭಾಗಗಳು ಕಾಣುತ್ತವೆ. ಒಳಗೆ ತಾಮ್ರದ ಸಣ್ಣ ಎಳೆಗಳು, ಅವುಗಳ ಮೇಲೆ ಬಣ್ಣದ ಹೊದಿಕೆ, ಎಲ್ಲವನ್ನೂ ಸುತ್ತಿದ ಹೊರಹೊದಿಕೆ. 0.75 ಚದರ ಮಿಲಿಮೀಟರ್ ಅಳತೆಯ ವೈರಿನ ಒಂದು ತಂತಿಯಲ್ಲಿ ಸಾಮಾನ್ಯವಾಗಿ 0.2 ಮಿಲಿಮೀಟರ್ ದಪ್ಪದ 24 ಎಳೆಗಳಿರುತ್ತವೆ. ಎಳೆಗಳು ಸಣ್ಣವಾಗಿರುವುದರಿಂದಲೇ ವೈರು ಬಾಗುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿಸಿದರೆ ಈ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿನಿಂದ ಅದು ಗೊತ್ತಾಗುವುದಿಲ್ಲ.

ಮೂರು ತಂತಿಗಳ ಕೆಲಸ ಬೇರೆ ಬೇರೆ. ವಿದ್ಯುತ್ತನ್ನು ತರುವುದು ಫೇಸ್. ಅದರ ಬಣ್ಣ ಹಳೆಯ ವೈರುಗಳಲ್ಲಿ ಕೆಂಪು, ಹೊಸವುಗಳಲ್ಲಿ ಕಂದು. ಮರಳಿ ಒಯ್ಯುವುದು ನ್ಯೂಟ್ರಲ್. ಅದು ಹಳೆಯದರಲ್ಲಿ ಕಪ್ಪು, ಹೊಸದರಲ್ಲಿ ನೀಲಿ. ಮೂರನೆಯದು ಅರ್ಥ್, ಅಂದರೆ ಭೂಸಂಪರ್ಕದ ತಂತಿ. ಅದು ಹಸಿರು, ಅಥವಾ ಹಸಿರು ಮತ್ತು ಹಳದಿ ಪಟ್ಟೆಯದು. ಎಲ್ಲವೂ ಸರಿಯಿರುವಾಗ ಅರ್ಥ್ ತಂತಿಗೆ ಯಾವ ಕೆಲಸವೂ ಇಲ್ಲ. ಉಪಕರಣದ ಕಬ್ಬಿಣದ ಮೈಗೆ ಫೇಸ್ ತಗುಲಿದಾಗ ಆ ವಿದ್ಯುತ್ತನ್ನು ಮನುಷ್ಯನ ಮೈಮೇಲೆ ಹರಿಯಗೊಡದೆ ನೆಲಕ್ಕೆ ಇಳಿಸುವುದೇ ಅದರ ಕೆಲಸ. ಹೊಲದ ಬದುವಿನ ಕೋಡಿಯಿದ್ದಂತೆ: ವರ್ಷದಲ್ಲಿ ಒಂದೇ ದಿನ ಬೇಕಾದರೂ ಆ ದಿನ ಅದು ಇರಲೇಬೇಕು.

ವೈರು ಬಿಸಿಯಾಗುವುದೇಕೆ?

ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಉಪಕರಣದ ಮೇಲೆ ಬರೆದಿರುವ ವಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ವಿದ್ಯುತ್ ಪ್ರವಾಹ ಸುಮಾರಾಗಿ ಆಂಪಿಯರಿನಲ್ಲಿ ಸಿಗುತ್ತದೆ.

ಮೇಜಿನ ಫ್ಯಾನು, 60 ವಾಟ್: 0.3 ಆಂಪಿಯರ್
ಟಿ.ವಿ., 100 ವಾಟ್: 0.4 ಆಂಪಿಯರ್
ಮಿಕ್ಸರು, 750 ವಾಟ್: 3.3 ಆಂಪಿಯರ್
ಇಸ್ತ್ರಿ ಪೆಟ್ಟಿಗೆ, 1000 ವಾಟ್: 4.3 ಆಂಪಿಯರ್
ನೀರು ಕಾಯಿಸುವ ಕಾಯಿಲು, 1500 ವಾಟ್: 6.5 ಆಂಪಿಯರ್

ಮನೆಯಲ್ಲಿರುವ ಸಣ್ಣ ಸಾಕೆಟ್ಟಿನ ಶಕ್ತಿ 6 ಆಂಪಿಯರ್, ದೊಡ್ಡದರದು 16 ಆಂಪಿಯರ್. ಮೇಲಿನ ಪಟ್ಟಿಯನ್ನು ನೋಡಿದರೆ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದು, 1500 ವಾಟಿನ ಕಾಯಿಲನ್ನು ಸಣ್ಣ ಸಾಕೆಟ್ಟಿಗೆ ಹಾಕಲೇಬಾರದು. ಎರಡು, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇಸ್ತ್ರಿ ಪೆಟ್ಟಿಗೆ ಮತ್ತು ಮಿಕ್ಸರನ್ನು ಕೂಡಿಸಿದರೆ 7.6 ಆಂಪಿಯರ್ ಆಗಿ, 6 ಆಂಪಿಯರಿನ ಮಿತಿಯನ್ನು ಮೀರುತ್ತದೆ. ಬೋರ್ಡಿನಲ್ಲಿ ನಾಲ್ಕು ತೂತುಗಳಿವೆಯೆಂದು ನಾಲ್ಕು ಭಾರದ ಉಪಕರಣಗಳನ್ನು ಹಾಕುವುದು, ಚಕ್ಕಡಿಯಲ್ಲಿ ಜಾಗವಿದೆಯೆಂದು ಅಚ್ಚು ಮುರಿಯುವಷ್ಟು ಚೀಲ ಹೇರಿದಂತೆ.

ಪ್ರವಾಹ ಎರಡರಷ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ವೈರಿನ ಒಂದು ಜಾಗದಲ್ಲಿ 24 ಎಳೆಗಳ ಪೈಕಿ 12 ತುಂಡಾಗಿದ್ದರೆ ಆ ಜಾಗದ ಶಾಖ ಎರಡರಷ್ಟಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸಡಿಲವಾದ ಸ್ಕ್ರೂ. ಪ್ಲಗ್ಗಿನೊಳಗೆ ಸಡಿಲಾದ ಜೋಡಣೆ ಒಂದೇ ಒಂದು ಓಮಿನಷ್ಟು ತಡೆ ಒಡ್ಡಿದರೂ, ಇಸ್ತ್ರಿ ಪೆಟ್ಟಿಗೆಯ ಪ್ರವಾಹಕ್ಕೆ ಅಲ್ಲಿ 18 ವಾಟಿನಷ್ಟು ಶಾಖ ಹುಟ್ಟುತ್ತದೆ. ಜೋಳದ ಕಾಳಿನಷ್ಟು ಜಾಗದಲ್ಲಿ ಇಷ್ಟು ಶಾಖವೆಂದರೆ ಸಣ್ಣದೊಂದು ಬೆಸುಗೆ ಕಡ್ಡಿಯನ್ನು ಪ್ಲಗ್ಗಿನೊಳಗೆ ಉರಿಯಲು ಬಿಟ್ಟಂತೆಯೇ ಸರಿ. ಸಾಮಾನ್ಯ ಪಿ.ವಿ.ಸಿ. ಹೊದಿಕೆ ತಾಳುವುದು 70 ಡಿಗ್ರಿಯವರೆಗೆ ಮಾತ್ರ.

ಅಮಾವಾಸ್ಯೆಯ ತಪಾಸಣೆ

ನಮ್ಮ ಭಾಗದ ಅನೇಕ ಊರುಗಳಲ್ಲಿ ಅಮಾವಾಸ್ಯೆಯ ದಿನ ಎತ್ತುಗಳಿಗೆ ನೊಗ ಹೂಡದೆ ಬಿಡುವು ಕೊಡುವ ರೂಢಿಯಿದೆ. ಅದೇ ದಿನ ಬೆಳಿಗ್ಗೆ ಒಳ್ಳೆಯ ಬೆಳಕಿನಲ್ಲಿ ವೈರುಗಳ ತಪಾಸಣೆ ಇಟ್ಟುಕೊಂಡರೆ ಮರೆಯುವ ಮಾತಿಲ್ಲ. ಕ್ರಮ ಹೀಗಿದೆ.

1. ಸ್ವಿಚ್ಚು ಆರಿಸಿ, ಪ್ಲಗ್ಗಿನ ಮೈಯನ್ನು ಹಿಡಿದು ಹೊರಗೆ ಎಳೆಯಬೇಕು. ವೈರನ್ನು ಹಿಡಿದು ಎಳೆಯಬಾರದು. ಕರೆಂಟು ಹೋಗಿದೆಯೆಂದು ಪ್ಲಗ್ಗನ್ನು ಕೀಳದೆಯೇ ವೈರನ್ನು ಮುಟ್ಟುವುದು ತಪ್ಪು. ಹೋದ ಕರೆಂಟು ಯಾವ ಗಳಿಗೆಯಲ್ಲಾದರೂ ಬಂದೀತು.

2. ವೈರನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ನೇರವಾಗಿ ಹಾಸಬೇಕು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎರಡು ಬೆರಳುಗಳ ನಡುವೆ ನಿಧಾನವಾಗಿ ಜಾರಿಸಬೇಕು. ಗಂಟು, ತಗ್ಗು, ಮೆತ್ತಗಾದ ಜಾಗ, ಬಿರುಸಾದ ಜಾಗ ಬೆರಳಿಗೆ ತಿಳಿಯುತ್ತವೆ.

3. ಪ್ಲಗ್ಗಿನ ಬಳಿ ಒಂದು ಗೇಣು ಮತ್ತು ಉಪಕರಣದ ಬಳಿ ಒಂದು ಗೇಣು ಜಾಗವನ್ನು ವಿಶೇಷವಾಗಿ ನೋಡಬೇಕು. ಎಳೆಗಳು ತುಂಡಾಗುವುದು ಹೆಚ್ಚಾಗಿ ಈ ಎರಡು ಜಾಗಗಳಲ್ಲಿ. ಅಲ್ಲಿ ವೈರನ್ನು ಮೆಲ್ಲಗೆ ಬಾಗಿಸಿದಾಗ ಹೊದಿಕೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಆ ವೈರನ್ನು ಉಪಯೋಗಿಸಬಾರದು.

4. ಪ್ಲಗ್ಗಿನ ಪಿನ್ನುಗಳನ್ನು ನೋಡಬೇಕು. ಹಳದಿ ಅಥವಾ ಬೆಳ್ಳಿಯ ಬಣ್ಣದ ಪಿನ್ನು ಕಪ್ಪಾಗಿದ್ದರೆ, ಸುತ್ತಲಿನ ಪ್ಲಾಸ್ಟಿಕ್ಕು ಕಂದಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಜೋಡಣೆ ಸಡಿಲವಾಗಿದೆಯೆಂದು ತಿಳಿಯಬೇಕು. ಸಾಕೆಟ್ಟು ಕಪ್ಪಾಗಿದ್ದರೆ ಅದನ್ನೂ ಬದಲಾಯಿಸಬೇಕು. ಸುಟ್ಟ ಸಾಕೆಟ್ಟು ಹೊಸ ಪ್ಲಗ್ಗನ್ನೂ ಸುಡುತ್ತದೆ.

5. ಉಪಕರಣವನ್ನು ಹತ್ತು ನಿಮಿಷ ನಡೆಸಿ, ಆರಿಸಿ, ಪ್ಲಗ್ಗು ಕಿತ್ತು, ವೈರು ಮತ್ತು ಪ್ಲಗ್ಗಿನ ಮೈಯನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಾಗಿದ್ದರೆ ದೋಷವಿದೆ.

6. ಉಪಕರಣ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ ಎಂದು ಮನೆಯ ಹೆಣ್ಣುಮಕ್ಕಳನ್ನು ಕೇಳಬೇಕು. ಮಿಕ್ಸರು, ಇಸ್ತ್ರಿ ಪೆಟ್ಟಿಗೆಗಳನ್ನು ದಿನವೂ ಮುಟ್ಟುವವರು ಅವರು. 'ಸ್ವಲ್ಪ ಜುಮ್ ಅಂತದ, ಏನೂ ಆಗಂಗಿಲ್ಲ' ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಂದು ಒಣ ಕಾಲಿಗೆ ಜುಮ್ಮೆಂದದ್ದು ನಾಳೆ ಒದ್ದೆ ನೆಲದಲ್ಲಿ ಪ್ರಾಣ ತೆಗೆಯಬಲ್ಲದು. ಅಂಥ ಉಪಕರಣವನ್ನು ಅಂದೇ ಬದಿಗಿಡಬೇಕು.

ಶುಚಿಗೊಳಿಸುವ ವಿಧಾನ

ಪ್ಲಗ್ಗು ಕಿತ್ತ ವೈರನ್ನು ಮೊದಲು ಒಣ ಹತ್ತಿ ಅರಿವೆಯಿಂದ ಉದ್ದಕ್ಕೂ ಒರೆಸಬೇಕು. ಧೂಳು ಮಾತ್ರವಿದ್ದರೆ ಇಷ್ಟೇ ಸಾಕು. ಎಣ್ಣೆಯ ಅಂಟು ಇದ್ದರೆ ಒಂದು ಬಟ್ಟಲು ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಕಲಸಿ, ಅರಿವೆಯನ್ನು ಅದ್ದಿ, ಒಂದು ಹನಿಯೂ ಸೋರದಂತೆ ಹಿಂಡಿ, ವೈರನ್ನು ತುಂಡು ತುಂಡಾಗಿ ಒರೆಸಬೇಕು. ಪ್ಲಗ್ಗಿನಿಂದ ಮತ್ತು ಉಪಕರಣದಿಂದ ನಾಲ್ಕು ಬೆರಳು ಜಾಗಕ್ಕೆ ತೇವದ ಅರಿವೆ ತಾಗಿಸಬಾರದು. ಅಲ್ಲಿ ಒಣ ಅರಿವೆಯನ್ನೇ ಬಳಸಬೇಕು. ನಂತರ ಬರೀ ನೀರಿನಲ್ಲಿ ಹಿಂಡಿದ ಅರಿವೆಯಿಂದ ಸೋಪನ್ನು ತೆಗೆದು, ಒಣ ಅರಿವೆಯಿಂದ ಒರೆಸಿ, ನೆರಳಿನಲ್ಲಿ ಎರಡು ತಾಸು ಆರಲು ಬಿಡಬೇಕು. ಬಿಸಿಲಿಗೆ ಹಾಕಬಾರದು.

ಪಿನ್ನುಗಳನ್ನು ಒಣ ಅರಿವೆಯಿಂದ ಒರೆಸಿದರೆ ಸಾಕು. ಹಿತ್ತಾಳೆಯ ಪಿನ್ನಿನ ಮೇಲೆ ತೆಳುವಾದ ಕಪ್ಪು ಕಲೆಯಿದ್ದರೆ ಅತಿ ನುಣುಪಾದ ಉಜ್ಜು ಕಾಗದದಿಂದ ಹಗುರವಾಗಿ ತಿಕ್ಕಿ ಪುಡಿಯನ್ನು ಒರೆಸಬಹುದು. ಪಿನ್ನು ಗುಳಿಬಿದ್ದಿದ್ದರೆ ತಿಕ್ಕುತ್ತ ಕೂಡದೆ ಪ್ಲಗ್ಗನ್ನೇ ಬದಲಾಯಿಸುವುದು ಲೇಸು.

ಕೆಳಗಿನವುಗಳನ್ನು ಯಾವ ಕಾರಣಕ್ಕೂ ಮಾಡಬಾರದು.

ಸೀಮೆಎಣ್ಣೆ, ಪೆಟ್ರೋಲು, ಬಣ್ಣದ ಥಿನ್ನರುಗಳಿಂದ ವೈರನ್ನು ಒರೆಸಬಾರದು. ಅಂಟು ಬೇಗ ಹೋಗುವುದು ನಿಜ. ಆದರೆ ಇವು ಹೊದಿಕೆಯನ್ನು ಮೊದಲು ಉಬ್ಬಿಸಿ ನಂತರ ಬಿರುಸು ಮಾಡುತ್ತವೆ, ಬೆಂಕಿಯ ಭಯವೂ ಉಂಟು.

ಹಿತ್ತಾಳೆ ಪಾತ್ರೆಯನ್ನು ಬೆಳಗುವಂತೆ ಹುಣಸೆ ಹಣ್ಣು, ಉಪ್ಪು, ಬೂದಿಗಳಿಂದ ಪಿನ್ನನ್ನು ಬೆಳಗಬಾರದು. ಹುಳಿ ಮತ್ತು ಉಪ್ಪು ಪ್ಲಗ್ಗಿನ ಸಂದಿಯಲ್ಲಿ ಉಳಿದು ಗಾಳಿಯ ತೇವವನ್ನು ಹೀರುತ್ತವೆ. ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ.

ಗೋಡೆಯ ಸಾಕೆಟ್ಟಿನ ತೂತಿನೊಳಗೆ ಕಡ್ಡಿ, ಮೊಳೆ, ಒದ್ದೆ ಅರಿವೆ ತೂರಿಸಬಾರದು. ಮೇನ್ ಸ್ವಿಚ್ಚು ಆರಿಸಿ ಹೊರಮೈಯನ್ನು ಮಾತ್ರ ಒಣ ಅರಿವೆಯಿಂದ ಒರೆಸಬೇಕು.

ಮಹಾನವಮಿಯ ಆಯುಧ ಪೂಜೆಯಲ್ಲಿ ಮೋಟಾರು, ಮಿಕ್ಸರು, ಸ್ವಿಚ್ ಬೋರ್ಡುಗಳಿಗೂ ಪೂಜೆ ಸಲ್ಲುತ್ತದೆ. ಭಕ್ತಿಗೆ ಅಡ್ಡಿಯಿಲ್ಲ. ಆದರೆ ಅವುಗಳ ಮೇಲೆ ನೀರು ಚಿಮುಕಿಸುವುದು, ಪ್ಲಗ್ಗಿನ ಬಾಯಿಗೆ ಒದ್ದೆ ವಿಭೂತಿ ಕುಂಕುಮ ಹಚ್ಚುವುದು, ಹೊಸ್ತಿಲಂತೆ ತೊಳೆಯುವುದು ಅಪಾಯ. ಪ್ಲಗ್ಗು ಕಿತ್ತು, ಒಣ ಅರಿವೆಯಿಂದ ಒರೆಸಿ, ಉಪಕರಣದ ಮೈಮೇಲೆ ಒಣ ಕುಂಕುಮವಿಟ್ಟು ಹೂವೇರಿಸಿದರೆ ಪೂಜೆಯೂ ಆಯಿತು, ವರ್ಷದ ದೊಡ್ಡ ತಪಾಸಣೆಯೂ ಆಯಿತು.

ಪ್ಲಗ್ಗನ್ನು ಬದಲಾಯಿಸುವ ಕ್ರಮ

ದೋಷ ಪ್ಲಗ್ಗಿನ ಬಳಿಯ ಒಂದು ಗೇಣಿನಲ್ಲಿದ್ದರೆ ಅಷ್ಟು ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಒಳ್ಳೆಯ ತುದಿಗೆ ಹೊಸ ಪ್ಲಗ್ಗು ಜೋಡಿಸಬಹುದು. ದೋಷ ನಡುವೆಯಿದ್ದರೆ ಇಡೀ ವೈರನ್ನೇ ಬದಲಾಯಿಸಬೇಕು. ನಡುವೆ ಹೊಸೆದು ಟೇಪು ಸುತ್ತಿದ ವೈರು ಮನೆಯಲ್ಲಿರಬಾರದು. ಬೇಸಿಗೆಯ ಶಾಖಕ್ಕೆ ಟೇಪಿನ ಅಂಟು ಕರಗಿ ಸುತ್ತು ಬಿಚ್ಚಿಕೊಳ್ಳುತ್ತದೆ.

ಹೊಸ ಪ್ಲಗ್ಗನ್ನು ಜೋಡಿಸುವಾಗ ಹೊರಹೊದಿಕೆಯನ್ನು ಎರಡು ಬೆರಳಿನಷ್ಟು ಮಾತ್ರ ಬಿಡಿಸಬೇಕು. ಒಳಗಿನ ಬಣ್ಣದ ಹೊದಿಕೆಗೆ ಚಾಕು ತಾಗಬಾರದು. ಪ್ರತಿ ತಂತಿಯ ತುದಿಯನ್ನು ಅರ್ಧ ಬೆರಳಷ್ಟು ಬಿಡಿಸಿ, ಎಳೆಗಳನ್ನು ಬಲಕ್ಕೆ ಬಿಗಿಯಾಗಿ ಹೊಸೆದು, ಒಂದು ಎಳೆಯೂ ಹೊರಗೆ ಚಾಚದಂತೆ ಸ್ಕ್ರೂವಿನ ಕೆಳಗೆ ಕೂಡಿಸಬೇಕು. ಎಲ್ ಗುರುತಿನ ಪಿನ್ನಿಗೆ ಕೆಂಪು ಅಥವಾ ಕಂದು, ಎನ್ ಗುರುತಿಗೆ ಕಪ್ಪು ಅಥವಾ ನೀಲಿ, ಇ ಗುರುತಿನ ದಪ್ಪನೆಯ ಪಿನ್ನಿಗೆ ಹಸಿರು. ಹಸಿರು ತಂತಿಯನ್ನು ಉಳಿದ ಎರಡಕ್ಕಿಂತ ಸ್ವಲ್ಪ ಉದ್ದವಾಗಿ ಬಿಡಬೇಕು. ವೈರನ್ನು ಯಾರಾದರೂ ಜಗ್ಗಿದರೆ ಎಲ್ಲಕ್ಕಿಂತ ಕೊನೆಗೆ ಕಳಚಬೇಕಾದದ್ದು ಅದೇ. ಪ್ಲಗ್ಗಿನ ಬಾಯಿಯಲ್ಲಿರುವ ಹಿಡಿಕೆ ಪಟ್ಟಿ ಹೊರಹೊದಿಕೆಯನ್ನೇ ಕಚ್ಚಿ ಹಿಡಿಯಬೇಕು, ಒಳಗಿನ ತಂತಿಗಳನ್ನಲ್ಲ. ಮುಚ್ಚಿದ ಮೇಲೆ ಮೆಲ್ಲಗೆ ಜಗ್ಗಿ ನೋಡಿದಾಗ ವೈರು ಅಲುಗಬಾರದು.

ಎರಡು ತೂತಿನ ಸಾಕೆಟ್ಟಿಗೆ ಹೊಂದಲೆಂದು ಅರ್ಥ್ ಪಿನ್ನನ್ನು ಕತ್ತರಿಸುವುದು, ಪ್ಲಗ್ಗಿಲ್ಲದೆ ವೈರಿನ ತುದಿಗಳನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಚುಚ್ಚುವುದು, ಫ್ಯೂಸಿಗೆ ನಾಲ್ಕೆಳೆ ತಾಮ್ರ ಸುತ್ತುವುದು, ಇವು ಮೂರೂ ಅನೇಕ ಮನೆಗಳಲ್ಲಿ ಕಾಣುವ ತಪ್ಪುಗಳು. ಇಂದೇ ಬಿಡತಕ್ಕವು.

ಹೊಸ ವೈರು ಕೊಳ್ಳುವಾಗ ಐ.ಎಸ್. 694 ಎಂಬ ಸಂಖ್ಯೆಯ ಸಹಿತ ಐ.ಎಸ್.ಐ. ಗುರುತನ್ನು ನೋಡಬೇಕು. ಫ್ಯಾನು, ಟಿ.ವಿ.ಗಳಿಗೆ 0.75 ಚದರ ಮಿಲಿಮೀಟರ್, ಮಿಕ್ಸರಿಗೆ 1.0, ಕಾಯಿಲು ಮತ್ತು ತೊಟ್ಟಿಯ ಒಂದು ಅಶ್ವಶಕ್ತಿಯ ಮೋಟಾರಿಗೆ 2.5 ಇದ್ದರೆ ಸುರಕ್ಷಿತ. ಇಸ್ತ್ರಿ ಪೆಟ್ಟಿಗೆಗೆ ನೂಲಿನ ಹೆಣಿಗೆಯ ಹೊದಿಕೆಯಿರುವ ವೈರೇ ಬೇಕು. ಬರೀ ಪಿ.ವಿ.ಸಿ. ವೈರು ಬಿಸಿ ತಳಕ್ಕೆ ತಾಗಿದೊಡನೆ ಕರಗುತ್ತದೆ.

ಇಡುವ ಕ್ರಮ

ಬಳಸದ ವೈರನ್ನು ದೊಡ್ಡ ಸುತ್ತುಗಳಾಗಿ ಸುತ್ತಿ, ಗೋಡೆಯ ಮರದ ಗೂಟಕ್ಕೆ ನೆಲದಿಂದ ಎದೆಯೆತ್ತರದಲ್ಲಿ ತೂಗುಹಾಕಬೇಕು. ಮೊಳಕೈಗೆ ಬಿಗಿಯಾಗಿ ಸುತ್ತಿ ಗಂಟು ಹಾಕಬಾರದು. ಬಿಸಿಯಿರುವ ಇಸ್ತ್ರಿ ಪೆಟ್ಟಿಗೆಗೆ ವೈರನ್ನು ಸುತ್ತಿಡಬಾರದು. ಎಕ್ಸ್‌ಟೆನ್ಷನ್ ಬೋರ್ಡನ್ನು ಸುತ್ತು ಬಿಚ್ಚದೆ ಭಾರದ ಉಪಕರಣಕ್ಕೆ ಬಳಸಿದರೆ ಸುತ್ತಿನೊಳಗೇ ಶಾಖ ಕಟ್ಟಿಕೊಳ್ಳುತ್ತದೆ.

ಭತ್ತದ ಚೀಲ, ಮೇವು, ಹತ್ತಿಗಳ ಹಿಂದೆ ಅಥವಾ ಕೆಳಗೆ ವೈರು ಹಾಯಬಾರದು. ಚೀಲಗಳನ್ನು ಗೋಡೆಯಿಂದ ಒಂದು ಮೊಳ ದೂರ ಒಟ್ಟಿದರೆ ಇಲಿಯ ಕಾಟ ಕಣ್ಣಿಗೆ ಬೀಳುತ್ತದೆ, ವೈರೂ ಉಳಿಯುತ್ತದೆ. ದನದ ಕೊಟ್ಟಿಗೆಯಲ್ಲಿ ವೈರು ದನದ ಬಾಯಿಗೂ ಕೊಂಬಿಗೂ ಎಟುಕದಷ್ಟು ಎತ್ತರದಲ್ಲಿ ಕೊಳವೆಯೊಳಗೆ ಹಾಯಬೇಕು. ದನಗಳು ವಿದ್ಯುತ್ ಆಘಾತಕ್ಕೆ ಮನುಷ್ಯರಿಗಿಂತ ಬೇಗ ಬಲಿಯಾಗುತ್ತವೆ. ಔಷಧ ಸಿಂಪಡಿಸುವ ಬ್ಯಾಟರಿ ಪಂಪಿನ ಚಾರ್ಜರನ್ನು ಕೀಟನಾಶಕದ ಡಬ್ಬಿಗಳ ಜೊತೆ ಇಡಬಾರದು. ಕೆಲವು ಔಷಧಗಳಲ್ಲಿರುವ ದ್ರಾವಕ ವೈರಿನ ಹೊದಿಕೆಯನ್ನು ಕರಗಿಸುತ್ತದೆ.

ಬೇಸಿಗೆಯಲ್ಲಿ ಕಬ್ಬಿಣದ ಮೈಯ ಏರ್ ಕೂಲರುಗಳ ಬಗ್ಗೆ ಬಹಳ ಎಚ್ಚರ ಬೇಕು. ನೀರು, ಕಬ್ಬಿಣ, ಕರೆಂಟು ಮೂರೂ ಒಂದೇ ಪೆಟ್ಟಿಗೆಯಲ್ಲಿವೆ. ಮೂರು ಪಿನ್ನಿನ ಪ್ಲಗ್ಗಿಲ್ಲದ ಕೂಲರನ್ನು ಬಳಸಲೇಬಾರದು. ಪ್ಲಗ್ಗು ಕೀಳದೆ ನೀರು ತುಂಬಬಾರದು. ಕಾಯಿಲಿನಿಂದ ಕಾಯಿಸುವ ನೀರನ್ನೂ ಪ್ಲಗ್ಗು ಕಿತ್ತ ಮೇಲೆಯೇ ಮುಟ್ಟಿ ನೋಡಬೇಕು.

ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟುವುದನ್ನು ಬಿಟ್ಟು ನೈಲಾನ್ ಹಗ್ಗ ಕಟ್ಟಬೇಕು. ತಗಡಿನ ಮಾಡಿಗೆ ಅಥವಾ ಮೀಟರಿನ ಕೊಳವೆಗೆ ಕಟ್ಟಿದ ತಂತಿಗೆ, ಎಲ್ಲೋ ಹೊದಿಕೆ ಸವೆದ ವೈರು ತಾಗಿದರೆ ಸಾಕು, ಒದ್ದೆ ಬಟ್ಟೆ ಹಾಕುವ ಕೈಗೆ ಕರೆಂಟು ಬರುತ್ತದೆ.

ಚಾರ್ಜರು ಮತ್ತು ಮಕ್ಕಳು

2023ರ ಆಗಸ್ಟ್ ತಿಂಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲೂಕಿನ ಸಿದ್ದರ ಗ್ರಾಮದಲ್ಲಿ ಎಂಟು ತಿಂಗಳ ಹೆಣ್ಣುಮಗುವೊಂದು ಮೊಬೈಲ್ ಚಾರ್ಜರಿನ ವೈರಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಮೃತಪಟ್ಟಿತು. ಮೊಬೈಲನ್ನು ತೆಗೆದ ಮೇಲೆ ಸ್ವಿಚ್ಚು ಆರಿಸದೆ ಉಳಿದಿತ್ತು. ಆ ತುದಿಯಲ್ಲಿ ಸಾಮಾನ್ಯವಾಗಿ ಕೇವಲ 5 ವೋಲ್ಟ್ ಇರಬೇಕು. ಚಾರ್ಜರಿನೊಳಗಿನ ಬೇರ್ಪಡಿಕೆ ಕೆಟ್ಟಿದ್ದರೆ ಮಾತ್ರ 230 ವೋಲ್ಟ್ ಅಲ್ಲಿಗೆ ದಾಟಬಲ್ಲದು. ಹೊರಗಿನಿಂದ ಇದನ್ನು ಗುರುತಿಸುವ ಉಪಾಯವಿಲ್ಲ.

ಆದುದರಿಂದ ಕೆಲಸ ಮುಗಿದ ಕೂಡಲೇ ಸ್ವಿಚ್ಚು ಆರಿಸಿ ಚಾರ್ಜರನ್ನು ಕಿತ್ತಿಡುವುದೇ ಮದ್ದು. ಕೊಳ್ಳುವಾಗ ಬಿ.ಐ.ಎಸ್. ನೋಂದಣಿ ಗುರುತಿರುವುದನ್ನೇ ಕೊಳ್ಳಬೇಕು. ತೊಟ್ಟಿಲು, ಹಾಸಿಗೆ, ಮಗು ಅಂಬೆಗಾಲಿಡುವ ನೆಲ ಇವುಗಳ ಹತ್ತಿರ ಯಾವ ವೈರೂ ಇಳಿಬಿಡಬಾರದು.

ಭೂಸಂಪರ್ಕ ಮತ್ತು ಸೋರಿಕೆ ತಡೆ ಸ್ವಿಚ್ಚು

ವೈರು ಎಷ್ಟೇ ಚೊಕ್ಕಟವಾಗಿದ್ದರೂ ಅದರ ಹಸಿರು ತಂತಿ ಕೊನೆಗೆ ಸೇರುವ ಅರ್ಥಿಂಗ್ ಗುಂಡಿ ಸರಿಯಿಲ್ಲದಿದ್ದರೆ ಫಲವಿಲ್ಲ. ಸುಮಾರು 2.5 ಮೀಟರ್ ಉದ್ದದ ಕೊಳವೆಯನ್ನು ಇದ್ದಿಲು, ಉಪ್ಪುಗಳ ಜೊತೆ ಹೂಳುವುದು ರೂಢಿ. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಕೊಳವೆಯಿಂದ ದೂರ ಸರಿಯುತ್ತದೆ. ಮಸಾರಿ ನೆಲ ಪೂರ್ತಿ ಒಣಗುತ್ತದೆ. ಒಣ ಮಣ್ಣಿನಲ್ಲಿ ವಿದ್ಯುತ್ತು ಇಳಿಯುವುದಿಲ್ಲ. ಆದ್ದರಿಂದ ಮಾರ್ಚಿಯಿಂದ ಮಳೆ ಬೀಳುವವರೆಗೆ ವಾರಕ್ಕೊಮ್ಮೆ ಒಂದೆರಡು ಕೊಡ ನೀರನ್ನು ಗುಂಡಿಗೆ ಹೊಯ್ಯಬೇಕು. ಗಂಗಾವತಿಯ ಸವಳು ಜಮೀನಿನಲ್ಲಿ ತೊಂದರೆ ತಿರುಗಾಮುರುಗಾ. ಅಲ್ಲಿ ತೇವವಿದೆ, ಆದರೆ ಉಪ್ಪು ಕೊಳವೆಯನ್ನೂ ಅದರ ತಂತಿಯನ್ನೂ ತಿನ್ನುತ್ತದೆ. ವರ್ಷಕ್ಕೊಮ್ಮೆ ವೈರ್‌ಮನ್‌ರಿಂದ ಪರೀಕ್ಷೆ ಮಾಡಿಸಬೇಕು.

ಫ್ಯೂಸ್ ಇದೆಯೆಂದು ನೆಮ್ಮದಿಯಿಂದಿರುವುದೂ ಸಲ್ಲದು. ಮನುಷ್ಯನ ಎದೆಯ ಮೂಲಕ 30 ಮಿಲಿ ಆಂಪಿಯರಿಗಿಂತ ಹೆಚ್ಚಿನ ಪ್ರವಾಹ ಹರಿದರೆ ಪ್ರಾಣಾಪಾಯವಿದೆ. 10 ವಾಟಿನ ಎಲ್.ಇ.ಡಿ. ಬಲ್ಬು ಎಳೆಯುವುದೇ ಅದಕ್ಕಿಂತ ಹೆಚ್ಚು. 6 ಆಂಪಿಯರಿನ ಫ್ಯೂಸ್ ಅದರ 200 ಪಟ್ಟು ಪ್ರವಾಹವನ್ನು ಸುಮ್ಮನೆ ಬಿಡುತ್ತದೆ. ಫ್ಯೂಸ್ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು, ಅಂದರೆ ಅಂಗಡಿಯಲ್ಲಿ ಆರ್.ಸಿ.ಸಿ.ಬಿ. ಎಂದು ಕೇಳಬೇಕಾದದ್ದು, ಮೀಟರಿನ ನಂತರ ಇರಬೇಕು. ಹೊರಗೆ ಹೋದ ವಿದ್ಯುತ್ತು ಪೂರ್ತಿ ಮರಳಿ ಬರದಿದ್ದರೆ ಅದು ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನೂ ಅಮಾವಾಸ್ಯೆಗೊಮ್ಮೆ ಒತ್ತಿ ನೋಡಬೇಕು.

ನಮ್ಮ ಕೆಲಸ ಎಲ್ಲಿಗೆ ಮುಗಿಯುತ್ತದೆ?

ಪ್ಲಗ್ಗು ಕಿತ್ತು ಕೈಗೆ ತೆಗೆದುಕೊಳ್ಳಬಹುದಾದ ವೈರು ಮನೆಯವರ ಪಾಲಿಗೆ ಸೇರಿದ್ದು. ಗೋಡೆಯೊಳಗಿನ ವೈರು ಮತ್ತು ಬೋರ್ಡು ಪರವಾನಗಿ ಪಡೆದ ವೈರ್‌ಮನ್‌ರ ಪಾಲಿನವು. ಕಂಬದಿಂದ ಮೀಟರಿನವರೆಗಿನ ತಂತಿ ಜೆಸ್ಕಾಂನದು. ಅದನ್ನು ಕೋಲಿನಿಂದಲೂ ಸರಿಸಬಾರದು. 2019ರ ಆಗಸ್ಟ್ 18ರಂದು ಕೊಪ್ಪಳ ನಗರದ ವಿದ್ಯಾರ್ಥಿನಿಲಯವೊಂದರಲ್ಲಿ ಧ್ವಜಕಂಬವನ್ನು ಇಳಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಐವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡದ್ದನ್ನು ಈ ಜಿಲ್ಲೆ ಮರೆತಿಲ್ಲ. ತಂತಿ ಜೋತಿದ್ದರೆ, ಕಿಡಿ ಹಾರುತ್ತಿದ್ದರೆ, ಹರಿದು ಬಿದ್ದಿದ್ದರೆ ದೂರ ನಿಂತು 1912 ಸಂಖ್ಯೆಗೆ ಕರೆಮಾಡಬೇಕು.

ಆಘಾತವಾದರೆ

ಕರೆಂಟು ಹಿಡಿದವರನ್ನು ಮುಟ್ಟಬಾರದು. ಮೊದಲು ಮೇನ್ ಸ್ವಿಚ್ಚು ಆರಿಸಬೇಕು. ಮನೆಯ ಮಕ್ಕಳಿಗೂ ಮುದುಕರಿಗೂ ಮೇನ್ ಸ್ವಿಚ್ಚು ಎಲ್ಲಿದೆಯೆಂದು ತಿಳಿದಿರಬೇಕು. ಅದು ಸಾಧ್ಯವಾಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ಮನೆಯೊಳಗಿನ ವೈರನ್ನು ದೂರ ತಳ್ಳಬೇಕು. ಹಸಿ ಕೋಲು, ಕಬ್ಬಿಣದ ಸಲಾಕೆ ಸಲ್ಲದು. ಉಸಿರು ನಿಂತಿದ್ದರೆ 108ಕ್ಕೆ ಕರೆಮಾಡಿಸಿ, ಕೂಡಲೇ ಎದೆಯ ನಡುಭಾಗವನ್ನು ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಅಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಕರೆದೊಯ್ದು ತೋರಿಸಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿರುವ ಉಪಕರಣಗಳ ವಾಟ್ ಸಂಖ್ಯೆಗಳನ್ನು ಬರೆದು, ಪ್ರತಿಯೊಂದೂ ಎಳೆಯುವ ಪ್ರವಾಹವನ್ನು ಲೆಕ್ಕಮಾಡಿರಿ. 6 ಆಂಪಿಯರಿನ ಸಾಕೆಟ್ಟಿಗೆ ಹಾಕಬಾರದವು ಯಾವುವು?
2. ಪ್ಲಗ್ಗಿನಲ್ಲಿ ಹಸಿರು ತಂತಿಯನ್ನು ಉದ್ದವಾಗಿ ಬಿಡುವುದೇಕೆ?
3. ನಿಮ್ಮ ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆ? ಅದಕ್ಕೆ ಕೊನೆಯ ಸಲ ನೀರು ಹೊಯ್ದದ್ದು ಯಾವಾಗ?
4. ಮನೆಯಲ್ಲಿ ಟೇಪು ಸುತ್ತಿದ ವೈರುಗಳೆಷ್ಟು? ಅವನ್ನು ಯಾವ ದಿನ ಬದಲಾಯಿಸುವಿರಿ?

ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳಿಗೆ ಉತ್ತರ ಈ ಪುಟದಲ್ಲಿ ಸಿಗುವುದಿಲ್ಲ. ಪುಸ್ತಕ ಕೆಳಗಿಟ್ಟು, ಎದ್ದು, ಮನೆಯೊಳಗೆ ಒಮ್ಮೆ ಸುತ್ತಾಡಿ ಬಂದರೆ ಸಿಗುತ್ತದೆ.